ಮೋಟಾರಿನ ಪ್ಲಗ್ಗಿಗೆ ನೀನು ಕಟ್ಟಿದ ಕೆಂಪು ಚೀಟಿ

ಶುಕ್ರವಾರ, ಮಧ್ಯಾಹ್ನ
ಲಾಂಡ್ರಿಯ ಹಿಂಬಾಗಿಲ ಬೆಂಚು

ಪುಟ್ಟಾ,

ಹಿಂಡುವ ಮೆಷಿನ್ನಿನ ಮುಚ್ಚಳಕ್ಕೆ ಲಾಕ್ ಹಾಕಿಸುತ್ತೇವೆ ಎಂದು ಆಡಳಿತದವರು ಮಾತು ಕೊಟ್ಟರು, ವರ್ಷಗಟ್ಟಲೆ ಹಾಕಿಸಲಿಲ್ಲ. ಕೊನೆಗೆ ಹಾಕಿಸುವಾಗ, ಕರೆಂಟ್ ಹೋದರೂ ಬಿಗಿಯಾಗಿಯೇ ಇರುವ ಲಾಕ್ ಕೇಳಿದೆವು, ಅಗ್ಗದ್ದು ತಂದರು. ಲಾಕನ್ನು ನಡೆಸುವ ನಿನ್ನ ಬೋರ್ಡು ಪರೀಕ್ಷೆ ಮಾಡಲು ಇಡೀ ದಿನ ಮೆಷಿನ್ ಬಿಟ್ಟುಕೊಡುತ್ತೇವೆ ಎಂದರು. ಊಟದ ಹೊತ್ತಿನಿಂದ ಪಾಳಿ ಬದಲಾಗುವವರೆಗೆ ಕೊಟ್ಟರು. ಮೆಷಿನ್ನಿಗೆ ಕೈ ಸಿಕ್ಕಿದ ಮಡಿಕೆಯಕ್ಕನ ಚಿಕಿತ್ಸೆ ನಮ್ಮದು ಎಂದರು. ಮಾರನೆಯ ದಿನವೇ, ತಿರುಗುವ ಮೆಷಿನ್ನಿಗೆ ಕೈ ಹಾಕಿದ್ದು ಅವಳ ಅಜಾಗರೂಕತೆ ಎಂದು ಗೋಡೆಗೆ ನೋಟೀಸು ಅಂಟಿಸಿದರು. ಇಷ್ಟು ಅವರು ಕೊಟ್ಟ ಮಾತು, ಅವರು ನುಂಗಿದ ಮಾತು. ಇದನ್ನು ನಾನು ಗೇಟಿನ ಮುಂದೆ ಗಂಟಲು ಹರಿಯುವಂತೆ ಕೂಗಿದ್ದೇನೆ. ಇನ್ನೂ ಕೂಗುತ್ತೇನೆ.

ಆದರೆ ಕೂಗುವಾಗೆಲ್ಲ ಒಂದು ಮಾತನ್ನು ಬಿಟ್ಟೇ ಕೂಗಿದ್ದೇನೆ. ಅದು ನಾನು ನಿನಗೆ ಕೊಟ್ಟದ್ದು. "ನೀನು ಹೋಗಿ ಬಾ, ಯಾರೂ ಮುಟ್ಟದ ಹಾಗೆ ನಾನು ನೋಡ್ಕೋತೀನಿ" ಎಂದದ್ದು. ಅದನ್ನು ನುಂಗಿದವಳು ಆಡಳಿತದವಳಲ್ಲ, ನಿನ್ನ ಅಮ್ಮ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತದಿರುವುದೇ ಸರಿ. ಫೋನಿನಲ್ಲಾದರೆ ನಾನು ಸ್ವಲ್ಪ ಹೊತ್ತು ಅತ್ತು ಆಮೇಲೆ ಭಾಷಣಕ್ಕೆ ಇಳಿಯುತ್ತೇನೆ. "ಅಮ್ಮಾ, ಇದು ಗೇಟಲ್ಲ, ಅಡುಗೆಮನೆ" ಎಂದು ನೀನು ಎಷ್ಟು ಸಲ ನನ್ನ ಬಾಯಿ ಮುಚ್ಚಿಸಿಲ್ಲ. ಕಾಗದದ ಮೇಲೆ ಚಪ್ಪಾಳೆ ಬೀಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಗೆಳತಿಯ ಕೋಣೆಯ ವಿಳಾಸವನ್ನು ಅವಳ ತಾಯಿಯಿಂದ ಇಸಿದುಕೊಂಡೆ, ಅವಳ ಮೇಲೆ ರೇಗಬೇಡ.

ಆ ಪೆಟ್ಟಿಗೆಯನ್ನು ನೀನು ಮೊದಲ ಸಲ ಮನೆಗೆ ತಂದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಸೋಪಿನ ಡಬ್ಬಿಯಷ್ಟು ದೊಡ್ಡದು. ಒಂದು ಕಡೆಯಿಂದ ತಂತಿ ಲ್ಯಾಪ್‌ಟಾಪಿಗೆ, ಇನ್ನೊಂದು ಕಡೆಯಿಂದ ಚಪ್ಪಟೆ ಕೇಬಲ್ ನಮ್ಮ ಮೆಷಿನ್ನಿಗೆಂದು ನೀನು ಮಾಡುತ್ತಿದ್ದ ಬೋರ್ಡಿಗೆ. ನಾನು ತರಕಾರಿ ಹೆಚ್ಚುತ್ತಿದ್ದೆ. ಊಟದ ಮೇಜಿನ ಅರ್ಧ ನಿನ್ನದು, ಅರ್ಧ ನನ್ನದು. ಎಮ್ಯುಲೇಟರ್ ಎಂದೆ ನೀನು. ಹಾಗೆಂದರೇನೇ ಎಂದು ಕೇಳಿದ್ದಕ್ಕೆ ನೀನು ಹೇಳಿದ್ದು: "ಚಿಪ್ ಒಳಗೇ ಒಂದು ಇಣುಕು ಕಿಂಡಿ ಇಟ್ಟಿರ್ತಾರಮ್ಮ. ಈ ಪೆಟ್ಟಿಗೆ ಹಾಕಿದ್ರೆ ಆ ಕಿಂಡಿ ತೆರೆಯುತ್ತೆ. ಓಡ್ತಿರೋ ಪ್ರೋಗ್ರಾಮನ್ನ ಯಾವ ಸಾಲಲ್ಲಿ ಬೇಕೋ ಅಲ್ಲಿ ನಿಲ್ಲಿಸಿ, ಅದರ ಹೊಟ್ಟೇಲೇನಿದೆ ಅಂತ ನೋಡ್ಬಹುದು."

"ಪ್ರೋಗ್ರಾಂ ನಿಂತ್ರೆ ಮೆಷಿನ್ನೂ ನಿಂತ ಹಾಗೇ ತಾನೆ" ಎಂದೆ ನಾನು, ದೊಡ್ಡ ತಿಳಿದವಳ ಹಾಗೆ.

"ಅಲ್ಲೇ ಎಲ್ಲರೂ ಎಡವೋದು" ಎಂದೆ ನೀನು. "ಪ್ರೋಗ್ರಾಂ ನಿಲ್ಲುತ್ತೆ, ಮೋಟಾರು ನಿಲ್ಲಲ್ಲ. ತಿರುಗು ಅಂತ ಹೇಳಿಟ್ಟು ಪ್ರೋಗ್ರಾಂ ನಿಂತ್ರೆ, ಮೋಟಾರು ತಿರುಗ್ತಾನೇ ಇರುತ್ತೆ. ಸಾಕು ಅನ್ನೋಕೆ ಯಾರೂ ಇರಲ್ಲ."

"ಅಂದ್ರೆ ನಮ್ಮ ಮೇಲ್ವಿಚಾರಕ ಕುರ್ಚೀಲೇ ನಿದ್ದೆ ಹೋದ ಹಾಗೆ" ಎಂದೆ. ನೀನು ಕುಡಿಯುತ್ತಿದ್ದ ನೀರು ಮೂಗಿಗೆ ಹತ್ತುವಷ್ಟು ನಕ್ಕೆ. ಪ್ರೋಗ್ರಾಂ ತಾನಾಗಿ ಕೆಟ್ಟು ನಿಂತರೆ ಎಬ್ಬಿಸಲು ಚಿಪ್ ಒಳಗೆ ಒಬ್ಬ ಕಾವಲುಗಾರ ಇರುತ್ತಾನೆ, ಆದರೆ ಪೆಟ್ಟಿಗೆ ಹಾಕಿ ನಿಲ್ಲಿಸಿದಾಗ ಅವನನ್ನೂ ಮಲಗಿಸಿಬಿಡುತ್ತೇವೆ ಎಂದೂ ಹೇಳಿದೆ. ಅದಕ್ಕೇ ಮೋಟಾರಿನ ಪ್ಲಗ್ ಕಿತ್ತಿಟ್ಟ ಮೇಲೆಯೇ ನೀನು ಪೆಟ್ಟಿಗೆಗೆ ಕೈ ಹಾಕುವುದು. ಕರೆಂಟ್ ಆರಿಸದೆ ಆ ಚಪ್ಪಟೆ ಕೇಬಲ್ ಹಾಕುವಂತಿಲ್ಲ, ತೆಗೆಯುವಂತಿಲ್ಲ. ಹಾಗೆ ತೆಗೆದರೆ ಚಿಪ್ ಏನು ಮಾಡೀತೆಂದು ಹೇಳಲಾಗದು ಎಂದೆ. ಕೇಬಲ್ಲಿನ ತುದಿಯನ್ನು ಎರಡೂ ಕಡೆಯಿಂದ ಹಿಡಿದಿರುವ ಪುಟ್ಟ ಕಿವಿಗಳನ್ನು ನನ್ನ ಬೆರಳಿನಿಂದಲೇ ಅದುಮಿಸಿ ತೋರಿಸಿದೆ. ಪ್ರಯೋಗಕ್ಕೆ ಬಳಸಿದ ಚಿಪ್ಪಿನಲ್ಲಿ ಮತ್ತೆ ಮತ್ತೆ ಬರೆದು ಅಳಿಸಿ ಅದು ಸವೆದಿರುತ್ತದೆ, ಅದನ್ನೇ ಮೆಷಿನ್ನಿನಲ್ಲಿ ಬಿಡಬಾರದು, ಹೊಸದನ್ನು ಹಾಕಬೇಕು ಎಂದೆ. ಎಲ್ಲ ಮುಗಿದ ಮೇಲೆ ಪೆಟ್ಟಿಗೆ ಕಳಚಿ, ಬೋರ್ಡನ್ನು ಒಂಟಿಯಾಗಿ ಓಡಿಸಿ ನೋಡಬೇಕು. ಪೆಟ್ಟಿಗೆ ಕಟ್ಟಿಕೊಂಡು ಪಾಸಾದದ್ದು ಪಾಸಲ್ಲ.

ನೋಡು, ಒಂದೂ ಮರೆತಿಲ್ಲ. ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳುವ ದಾರಿಯೂ ನನಗಿಲ್ಲ.

ಆ ದಿನ ನೀನು ಬಂದೆ. ಆಸ್ಪತ್ರೆಯ ಬೆಡ್‌ಶೀಟುಗಳ ರಾಶಿ, ಉಗಿ, ಒಗೆಯುವ ಮೆಷಿನ್ನುಗಳ ಗದ್ದಲ, ನಡುವೆ ನಿನ್ನ ಲ್ಯಾಪ್‌ಟಾಪು ಒಂದು ಮುರುಕು ಸ್ಟೂಲಿನ ಮೇಲೆ. ನಾನು ಹೆಮ್ಮೆಯಿಂದ ಬೀಗಿಹೋಗಿದ್ದೆ. ಬಂದು ಹೋಗುವವರಿಗೆಲ್ಲ ನನ್ನ ಮಗಳು, ನನ್ನ ಮಗಳು. ಲಾಕ್ ತರಿಸಿದ್ದು ಸಂಘ, ಲಾಕ್ ಹಾಕುತ್ತಿರುವವಳು ಸಂಘದ ಕಾರ್ಯದರ್ಶಿಯ ಮಗಳು. ಆಡಳಿತದವರಿಗೆ ಕಪಾಳಕ್ಕೆ ಹೊಡೆದ ಹಾಗಾಗಿತ್ತು. ಪಾಳಿ ಬದಲಾಗುವ ಹೊತ್ತಿಗೆ ಎರಡೂ ಪಾಳಿಯ ಹೆಂಗಸರು ಒಟ್ಟಿಗೆ ಇರುತ್ತಾರೆ, ಆಗ ಮೆಷಿನ್ ಓಡಿಸಿ ತೋರಿಸುತ್ತೇವೆ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದೆ. ನಿನ್ನನ್ನು ಕೇಳಿರಲಿಲ್ಲ.

ನೀನು ಪ್ರೋಗ್ರಾಂ ಸರಿಯಿದೆ ಎಂದೆ. ಹೊಸ ಚಿಪ್ ತರಲು ನಿನ್ನ ವರ್ಕ್‌ಶಾಪಿಗೆ ಹೊರಟೆ. ಹೋಗುವ ಮೊದಲು ಮೋಟಾರಿನ ಪ್ಲಗ್ಗಿಗೆ ಕೆಂಪು ಚೀಟಿ ಕಟ್ಟಿದೆ: "ಎಮ್ಯುಲೇಟರ್ ಇದೆ, ಮುಟ್ಟಬೇಡಿ." ಆಮೇಲೆ ನನ್ನ ಭುಜ ಹಿಡಿದು, "ಅಮ್ಮ, ಈಗ ಸ್ಟಾಪ್ ಒತ್ತಿದ್ರೂ ಪ್ರೋಗ್ರಾಂ ನಾನು ಗುರುತು ಮಾಡಿದ ಸಾಲಲ್ಲಿ ನಿಂತುಬಿಡುತ್ತೆ. ನಾನು ಬರೋವರೆಗೆ ನೀನೇ ಕಾವಲು" ಎಂದೆ. ನಾನು ಆ ಮಾತು ಕೊಟ್ಟೆ.

ಹೆಂಗಸರು ಸೇರಿದರು. ನೀನು ಬರುವುದು ತಡವಾಯಿತು. ಮೇಲ್ವಿಚಾರಕ ಕೈಕಟ್ಟಿ ನಿಂತು, "ಏನು ಕಾರ್ಯದರ್ಶಿಗಳೇ, ಮಗಳ ಆಟದ ಸಾಮಾನು ಓಡುತ್ತೋ, ಇಲ್ಲಾ ಅದಕ್ಕೂ ಒಂದು ಧರಣಿ ಕೂರ್ಬೇಕೋ" ಎಂದ. ಹೊಸದಾಗಿ ಸೇರಿದ ಒಬ್ಬಳು ಪಕ್ಕದವಳಿಗೆ, "ಬಾರೇ, ಇವರದ್ದೂ ಬರೀ ಬಾಯೇ" ಎಂದಳು. ಮೇಲ್ವಿಚಾರಕನ ಮಾತಾದರೆ ತಡೆದುಕೊಳ್ಳುತ್ತಿದ್ದೆ. ನಮ್ಮವಳ ಮಾತು ತಡೆಯಲಿಲ್ಲ.

ಪುಟ್ಟಾ, ಆ ಚೀಟಿ ಬಿಚ್ಚಿದವಳು ನಾನು. ಪ್ಲಗ್ ಚುಚ್ಚಿದವಳು ನಾನು. ಕೆಂಪು ಕಂಡರೆ ಸೆಟೆದು ನಿಲ್ಲುವ ಜೀವ ನನ್ನದು, ಆ ಕೆಂಪನ್ನೇ ಮುದುರಿ ಏಪ್ರನ್ ಜೇಬಿಗೆ ತುರುಕಿದೆ. ಪ್ಲಗ್ಗು ಮೆಷಿನ್ನಿನ ಹಿಂದೆ, ಯಾರ ಕಣ್ಣಿಗೂ ಬೀಳಲಿಲ್ಲ; ನೀನೇ ಹಾಕಿಟ್ಟು ಹೋಗಿದ್ದೀಯ ಎಂದುಕೊಂಡರು. ಒಂದೇ ಒಂದು ಸುತ್ತು ತೋರಿಸಿ ಮತ್ತೆ ಕಟ್ಟಿಬಿಡೋಣ ಎಂದುಕೊಂಡೆ. ಹಸಿರು ಗುಂಡಿ ಒತ್ತಿದೆ. ಮುಚ್ಚಳ ಟಿಕ್ ಎಂದು ಕಚ್ಚಿಕೊಂಡಿತು, ಡ್ರಮ್ಮು ತಿರುಗಿತು, ಮುಚ್ಚಳ ಎಳೆದರೆ ಬರಲಿಲ್ಲ. ಚಪ್ಪಾಳೆ ಬಿತ್ತು. ನಾನು ಕೈ ಎತ್ತಿ ಒಂದು ಘೋಷಣೆಯನ್ನೂ ಕೂಗಿದೆ. ಅದನ್ನು ಈಗ ಬರೆಯಲು ನಾಚಿಕೆ.

ಆಮೇಲೆ ಕೆಂಪು ಗುಂಡಿ ಒತ್ತಿದೆ. ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಹಳದಿಯಾಯಿತು. ಮೆಷಿನ್ ನಿಲ್ಲಲಿಲ್ಲ. ಮತ್ತೆ ಒತ್ತಿದೆ. ಇಲ್ಲ. ಪ್ರೋಗ್ರಾಂ ನೀನು ಗುರುತು ಮಾಡಿದ ಸಾಲಿನಲ್ಲಿ ನಿಂತಿತ್ತು, ಮೋಟಾರು ತಿರುಗುತ್ತಲೇ ಇತ್ತು, ನೀನು ಮೇಜಿನ ಮುಂದೆ ಹೇಳಿದ ಹಾಗೆಯೇ. ಮೇಲ್ವಿಚಾರಕ ಗಟ್ಟಿಯಾಗಿ ನಕ್ಕ. ನೂಕುನುಗ್ಗಲಾಯಿತು. ಆ ಗಲಾಟೆಯಲ್ಲಿ ಚಪ್ಪಟೆ ಕೇಬಲ್ ಬೋರ್ಡಿನಿಂದ ಕಳಚಿಕೊಂಡಿತು. ಚಿಪ್ ಹಿಡಿದಿದ್ದೆಲ್ಲವನ್ನೂ ಕೈಬಿಟ್ಟಿತು; ಮೋಟಾರಿನ ಸದ್ದು ಆರಿತು, ಅದರ ಜೊತೆಗೇ ಲಾಕಿಗೆ ಹೋಗುವ ಕರೆಂಟೂ ಹೋಯಿತು. ಅಗ್ಗದ ಲಾಕು. ಟಿಕ್ ಎಂದು ಬಿಟ್ಟುಕೊಂಡಿತು.

ಡ್ರಮ್ಮು ಮಾತ್ರ ಇನ್ನೂ ತನ್ನ ವೇಗದಲ್ಲೇ ಇತ್ತು. ಒದ್ದೆ ಬೆಡ್‌ಶೀಟುಗಳು ಒಳಗೋಡೆಗೆ ಅಂಟಿಕೊಂಡು ತಿರುಗುವಾಗ ಬೆಳ್ಳಗೆ ಒಂದೇ ಸಮ ಕಾಣುತ್ತವೆ, ನಿಂತ ಹಾಗೇ ಕಾಣುತ್ತವೆ. ಮಡಿಕೆಯಕ್ಕ ಮೆಷಿನ್ನಿನ ಆ ಕಡೆ ನಿಂತಿದ್ದಳು. ನೀನು ದೊಡ್ಡಮ್ಮ ಎಂದು ಕರೆಯುವ, ಬೆಡ್‌ಶೀಟು ಮಡಿಸುವುದರಲ್ಲಿ ಇಡೀ ಲಾಂಡ್ರಿಯಲ್ಲಿ ಸಾಟಿಯಿಲ್ಲದ ಆ ಹೆಂಗಸು ಟಿಕ್ ಎಂದದ್ದು ಕೇಳಿ ಮುಚ್ಚಳ ಎತ್ತಿ ಕೈ ಹಾಕಿದಳು. ಯಾಕೆಂದರೆ ಆ ವಾರವಿಡೀ ನಾನೇ ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದೆ: "ಟಿಕ್ ಅನ್ನೋವರೆಗೆ ಕೈ ಹಾಕ್ಬೇಡಿ. ಟಿಕ್ ಅಂದ್ಮೇಲೆ ಭಯ ಬೇಡ." ಬೆಡ್‌ಶೀಟು ಅವಳ ಕೈಗೆ ಸುತ್ತಿಕೊಂಡಿತು. ಮುಂದಿನದು ನೀನು ಆಸ್ಪತ್ರೆಯಲ್ಲಿ ನೋಡಿದ್ದೀಯ. ಮೊಣಕೈ ಇನ್ನು ಪೂರ್ತಿ ಮಡಚುವುದಿಲ್ಲ, ಎರಡು ಬೆರಳಿಗೆ ಸ್ಪರ್ಶವಿಲ್ಲ. ಅಜಾಗರೂಕತೆಯಂತೆ. ಹೇಳಿಕೊಟ್ಟದ್ದನ್ನು ಅಕ್ಷರಶಃ ಪಾಲಿಸಿದವಳಿಗೆ ಆ ಹೆಸರು.

ನೀನು ಹೊಸ ಚಿಪ್ ಹಿಡಿದುಕೊಂಡು ಬಾಗಿಲಲ್ಲಿ ನಿಂತದ್ದು, ಪ್ಲಗ್ ನೋಡಿದ್ದು, ಬೋರ್ಡಿನ ಹತ್ತಿರ ಹೋಗಿ ಕೇಬಲ್ ಚುಚ್ಚುವ ಜಾಗವನ್ನು ಬೆರಳಿನಿಂದ ಸವರಿ ನೋಡಿದ್ದು, ಆಮೇಲೆ ನನ್ನನ್ನು ಒಂದೇ ಒಂದು ಸಲ ನೋಡಿದ್ದು. ಆ ನೋಟವನ್ನು ನಾನು ಎಲ್ಲಿಟ್ಟುಕೊಳ್ಳಲಿ.

ವಿಚಾರಣೆಯ ಮೊದಲ ದಿನ ಬೋರ್ಡು ಯಾರ ಸುಪರ್ದಿಯಲ್ಲಿತ್ತು ಎಂದು ಕೇಳಿದರು. "ನನ್ನ ಸುಪರ್ದಿಯಲ್ಲಿ" ಎಂದೆ ನೀನು. ಪ್ಲಗ್ ಯಾರು ಹಾಕಿದರು ಎಂದು ಕೇಳಿದರು. "ನಾನು ಅಲ್ಲಿರಲಿಲ್ಲ" ಎಂದೆ. ಅಷ್ಟೇ. ನಾನು ಮೂರನೆಯ ಕುರ್ಚಿಯಲ್ಲಿ ಕುಳಿತಿದ್ದೆ. ನನ್ನ ಬಾಯಿ, ಇಡೀ ಊರಿಗೆ ಕೇಳಿಸುವ ಈ ಬಾಯಿ, ಹೊಲಿದ ಹಾಗೆ ಮುಚ್ಚಿಕೊಂಡಿತ್ತು.

ಅದಕ್ಕಿಂತ ಹೊಲಸು ಮರುದಿನದ್ದು. ಗೇಟಿನ ಮುಂದೆ ಹೆಂಗಸರು ಕುದಿಯುತ್ತಿದ್ದರು. ಮೆಷಿನ್ ಹತ್ತಿರ ಕಾವಲಿಲ್ಲದೆ ಎಂಜಿನಿಯರ್ ಬಿಟ್ಟುಹೋದಳು ಎಂಬ ಸುದ್ದಿಯನ್ನು ಮೇಲ್ವಿಚಾರಕ ಹಬ್ಬಿಸಿಯಾಗಿತ್ತು. ಮಗಳೆಂದು ಕಾರ್ಯದರ್ಶಿ ಸುಮ್ಮನಿದ್ದಾಳೆ ಎಂದು ಯಾರೋ ಅಂದರು. ಆಗ ನಾನು ಮೈಕು ಕಿತ್ತುಕೊಂಡು ಅಂದದ್ದು: "ನನ್ನ ಹೊಟ್ಟೇಲಿ ಹುಟ್ಟಿದವಳೇ ಆಗ್ಲಿ, ಕಾರ್ಮಿಕಳ ಕೈ ತಿಂದವಳನ್ನ ಈ ಸಂಘ ಬಿಡಲ್ಲ." ಎಂಥ ಚಪ್ಪಾಳೆ ಬಿತ್ತು ಗೊತ್ತಾ. ಮಗಳ ಮುಖವನ್ನೂ ನೋಡದ ನಾಯಕಿ ಎಂದು ಮುದುಕಿಯರು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಜನದ ಅಂಚಿನಲ್ಲಿ ನನ್ನ ಊಟದ ಡಬ್ಬಿ ಹಿಡಿದುಕೊಂಡು ನೀನು ನಿಂತಿದ್ದೆ. ಡಬ್ಬಿಯನ್ನು ಕಾವಲುಗಾರನ ಕಿಟಕಿಯಲ್ಲಿಟ್ಟು ಹೋದೆ. ಅದನ್ನು ನಾನು ತಿಂದೆ, ಪುಟ್ಟಾ. ಹಸಿವಾಗಿತ್ತು, ತಿಂದೆ. ಸಂಜೆ ಮನೆಗೆ ಬಂದಾಗ ಮೇಜಿನ ಮೇಲೆ ನಿನ್ನ ಅರ್ಧ ಖಾಲಿಯಾಗಿತ್ತು.

ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಸಂಘದ ಖಜಾಂಚಿ ನನ್ನನ್ನು ಪಕ್ಕಕ್ಕೆ ಕರೆದು, "ಪ್ಲಗ್ ಹಾಕಿದ್ದು ಕಾರ್ಯದರ್ಶಿ ಅಂತ ಗೊತ್ತಾದ್ರೆ ಅವರಿಗೆ ಹಬ್ಬ ಕಣೇ. ಮಡಿಕೆಯಕ್ಕನಿಗೆ ಕವಡೆಯೂ ಸಿಗಲ್ಲ, ಸಂಘವೂ ಉಳಿಯಲ್ಲ. ನಿನ್ನ ಮಗಳು ಓದಿದವಳು, ಇನ್ನೊಂದು ಕಡೆ ಕೆಲಸ ಹುಡುಕ್ಕೋತಾಳೆ" ಎಂದಳು. ನಾನು ತಲೆಯಾಡಿಸಿದೆ. ಅವಳು ಸಂಘಕ್ಕಾಗಿ ಹೇಳಿದಳು. ನಾನು ತಲೆಯಾಡಿಸಿದ್ದು ಸಂಘಕ್ಕಾಗಿ ಅಲ್ಲ, ನನ್ನ ಮುಖ ಉಳಿಸಿಕೊಳ್ಳಲು. ಆ ವ್ಯತ್ಯಾಸ ಆ ಕ್ಷಣವೇ ನನಗೆ ಗೊತ್ತಿತ್ತು.

ನಿನಗೆ ಇನ್ನೊಂದು ಕಡೆ ಕೆಲಸ ಸಿಗುವುದಿಲ್ಲ ಎಂಬುದೂ ಗೊತ್ತು. ವರ್ಕ್‌ಶಾಪಿನ ಯಜಮಾನ ನಿನ್ನನ್ನು ಈಗಾಗಲೇ ಬೋರ್ಡಿನ ಕೆಲಸದಿಂದ ತೆಗೆದು ಬಿಲ್ ಬರೆಯಲು ಕೂರಿಸಿದ್ದಾನೆ. ಜೀವಕ್ಕೆ ಅಪಾಯವಿರುವ ಬೋರ್ಡನ್ನು ಎಮ್ಯುಲೇಟರ್ ಸಮೇತ ಬಿಟ್ಟುಹೋದವಳು ಎಂದು ಸೋಮವಾರ ವಿಚಾರಣೆಯವರು ಬರೆದು ಮುಗಿಸಿದರೆ, ಮೆಷಿನ್ನಿನ ಹತ್ತಿರ ನಿನ್ನನ್ನು ಮತ್ತೆ ಯಾರೂ ಬಿಡುವುದಿಲ್ಲ. ನೀನು ಕಲಿತದ್ದೆಲ್ಲ ನನ್ನ ಒಂದು ಸುತ್ತಿನ ಚಪ್ಪಾಳೆಗೆ ಹೋದ ಹಾಗಾಗುತ್ತದೆ.

ಪೆಟ್ಟಿಗೆ ಕಟ್ಟಿಕೊಂಡು ಪಾಸಾದದ್ದು ಪಾಸಲ್ಲ ಎಂದಿದ್ದೆಯಲ್ಲ, ಅದು ನನ್ನ ತಲೆಯಲ್ಲಿ ಕೊರೆಯುತ್ತಿದೆ. ಪೊಲೀಸರ ಲಾಠಿಗೆ ಹೆದರದವಳು, ಮ್ಯಾನೇಜರನ ಮೇಜು ಬಡಿದವಳು ಎಂದೆಲ್ಲ ನನ್ನ ಹೆಸರು. ಆಗೆಲ್ಲ ನನ್ನ ಬೆನ್ನಿಗೆ ಜನ ಇದ್ದರು. ಬೆನ್ನಿಗೆ ಯಾರೂ ಇಲ್ಲದೆ, ಮೂರನೆಯ ಕುರ್ಚಿಯಲ್ಲಿ ಒಬ್ಬಳೇ ಕುಳಿತ ಆ ಒಂದು ಬೆಳಿಗ್ಗೆ ನಾನು ಫೇಲಾದೆ.

ನಿನ್ನೆ ಸಮಿತಿಯ ಮುಂದೆ ಹೇಳಿದೆ. ಖಜಾಂಚಿ ಅತ್ತಳು, ಬೈದಳು. ಒಬ್ಬಳು ಎದ್ದು ಹೋದಳು. ಕಾರ್ಯದರ್ಶಿ ಕೆಲಸ ಬಿಟ್ಟೆ. ಸೋಮವಾರ ವಿಚಾರಣೆಯಲ್ಲಿ ಹೇಳುತ್ತೇನೆ: ಎಂಜಿನಿಯರ್ ಎಲ್ಲ ಎಚ್ಚರಿಕೆ ಹೇಳಿ, ಪ್ಲಗ್ ಕಿತ್ತು, ಚೀಟಿ ಕಟ್ಟಿ, ಕಾವಲು ಇಟ್ಟು ಹೋಗಿದ್ದಳು, ಕಾವಲಿನವಳೇ ಕೆಟ್ಟಳು. ಪರೀಕ್ಷೆಗೆ ಇಡೀ ದಿನ ಮೆಷಿನ್ ಬಿಟ್ಟುಕೊಡದವರು, ಅಗ್ಗದ ಲಾಕ್ ತಂದವರು ಇವರು ಎಂದೂ ಅದೇ ಉಸಿರಿನಲ್ಲಿ ಹೇಳುತ್ತೇನೆ. ಎರಡನ್ನೂ ಒಂದೇ ಬಾಯಿಯಲ್ಲಿ ಹೇಳಲು ಬಾರದಿದ್ದರೆ ನಾನು ಇಷ್ಟು ವರ್ಷ ಮೈಕು ಹಿಡಿದದ್ದು ಯಾವ ಪುರುಷಾರ್ಥಕ್ಕೆ. ಆಮೇಲೆ ಗೇಟಿನ ಮುಂದೆ, ನಿನ್ನನ್ನು ಬೈದ ಅದೇ ಜಾಗದಲ್ಲಿ, ಮೈಕಿಲ್ಲದೆ ಹೇಳುತ್ತೇನೆ.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ಬರೆದರೆ ನಿನ್ನ ತಲೆಯ ಮೇಲೆ ಇನ್ನೊಂದು ಕೆಲಸ ಹೊರಿಸಿದ ಹಾಗೆ.

ಕೆಂಪು ಚೀಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ಏಪ್ರನ್ನಿನ ಜೊತೆ ಒಂದು ಸಲ ಒಗೆತಕ್ಕೆ ಹೋಗಿಬಂತು. ಬಣ್ಣ ಬಿಟ್ಟಿದೆ, ನಿನ್ನ ಅಕ್ಷರ ಹಾಗೇ ಇದೆ.

ಇಂತಿ,
ಕಾವಲಿಗೆ ನಿಂತಿದ್ದ
ನಿನ್ನ ಅಮ್ಮ

ತಾ.ಕ.: ಅಂಚೆಗೆ ಹಾಕುವ ಮೊದಲು, ಶನಿವಾರ ಬೆಳಿಗ್ಗೆ, ಇದನ್ನು ಮಡಿಕೆಯಕ್ಕನ ಮನೆಗೆ ಒಯ್ದು ಓದಿ ಹೇಳಿದೆ. ಅವಳು ಒಂದು ಕೈಯಲ್ಲಿ ಬೆಡ್‌ಶೀಟು ಮಡಿಸಲು ಒದ್ದಾಡುತ್ತಿದ್ದಳು. "ಇನ್ನೊಂದು ತುದಿ ಹಿಡ್ಕೊಂಡು ಓದು" ಎಂದಳು. ಹಿಡಿದುಕೊಂಡೇ ಓದಿದೆ. ಮುಗಿದ ಮೇಲೆ, "ನೂಕುನುಗ್ಗಲು ಯಾವಾಗಾಯ್ತೇ?" ಎಂದಳು. "ನಿನ್ನ ಹತ್ತಿರ ಒಂದು ನರಪಿಳ್ಳೆ ಇರಲಿಲ್ಲ. ಅವನು ನಕ್ಕ. ನೀನು ಸಿಟ್ಟಿನಲ್ಲಿ ಆ ಚಪ್ಪಟೆ ಕೇಬಲ್ ಹಿಡಿದು ಕಿತ್ತೆ. ನಾನು ನಿನ್ನ ಎದುರಿಗೇ ಇದ್ದೆ." ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀನು ಹೇಳ್ತೀಯೇನೋ ಅಂತ ನೋಡ್ತಿದ್ದೆ" ಎಂದಳು. ನಾನು ಅಳಲು ಶುರು ಮಾಡಿದರೆ, "ಅಳು ಆಮೇಲೆ ಇಟ್ಕೋ, ಈ ಮೂಲೆ ಸರಿಯಾಗಿ ಹಿಡಿ" ಎಂದಳು.

ಹೌದು ಪುಟ್ಟಾ, ಕೇಬಲ್ ತಾನಾಗಿ ಕಳಚಲಿಲ್ಲ. ನಾನು ಕಿತ್ತೆ. ಕರೆಂಟ್ ಇದೆ ಎಂದು ಗೊತ್ತಿದ್ದೂ, ಕೀಳಬಾರದೆಂದು ಗೊತ್ತಿದ್ದೂ ಕಿತ್ತೆ. ನಾನು ಕೀಳದಿದ್ದರೆ ಮುಚ್ಚಳ ಬಿಗಿಯಾಗಿಯೇ ಇರುತ್ತಿತ್ತು; ಡ್ರಮ್ಮು ತಿರುಗಿಕೊಂಡಿರುತ್ತಿತ್ತು, ಅಷ್ಟೇ. ಕೇಬಲ್ ಹಿಡಿದಿರುವ ಕಿವಿಗಳಲ್ಲಿ ಒಂದು, ಅದುಮದೆ ಎಳೆದದ್ದಕ್ಕೆ, ಮುರಿದಿದ್ದನ್ನು ನೀನು ಅಂದೇ ಬೆರಳಿನಿಂದ ಸವರಿ ನೋಡಿದ್ದೆ. ನಿನಗೆ ಮೊದಲ ದಿನದಿಂದ ಗೊತ್ತಿತ್ತು. ಈ ಪತ್ರ ಹರಿದು ಹೊಸದಾಗಿ ಬರೆಯಬಹುದಿತ್ತು, ಬರೆಯುವುದಿಲ್ಲ. ತಪ್ಪೊಪ್ಪಿಕೊಳ್ಳುವಾಗಲೂ ನಿನ್ನ ಅಮ್ಮ ಹೇಗೆ ಜಾರಿಕೊಳ್ಳುತ್ತಾಳೆ ಎಂಬುದು ನಿನ್ನ ಹತ್ತಿರ ಬರಹದಲ್ಲಿರಲಿ.

ಮಡಿಕೆಯಕ್ಕನೂ ಬರುತ್ತಾಳೆ. ನೀನು ಬಂದರೆ ಅವಳ ಪಕ್ಕದಲ್ಲಿ ಕೂತುಕೋ, ನನ್ನ ಪಕ್ಕದಲ್ಲಿ ಬೇಡ. ಸೋಮವಾರ, ಬೆಳಿಗ್ಗೆ ಹತ್ತು ಗಂಟೆ, ಲಾಂಡ್ರಿಯ ಮೇಲಿನ ಅದೇ ಕೋಣೆ.